ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತ ಲಿಫ್ಟ್

"ಯಾರಾದ್ರೂ ಇದ್ದೀರಾ? ಪ್ಲೀಸ್... ಬಾಗಿಲು ತೆಗೀರಿ!"

ಕತ್ತಲು! ಮೂರನೇ ಮಹಡಿ ದಾಟಿ, ನಾಲ್ಕನೆಯದನ್ನು ಮುಟ್ಟುವ ಮೊದಲೇ ಲಿಫ್ಟ್ ಒಮ್ಮೆ ಜೋರಾಗಿ ಕುಲುಕಿ ನಿಂತುಬಿಟ್ಟಿತ್ತು. ದೀಪವಿಲ್ಲ, ಫ್ಯಾನಿಲ್ಲ. ಅವಳು ಅಂಗೈಯಿಂದ ಬಾಗಿಲು ಬಡಿದಳು.

ನಾಲ್ಕನೇ ಮಹಡಿಯ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ತಯಾರಿಸುವುದು ಅವಳ ಕೆಲಸ. ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವಷ್ಟರಲ್ಲಿ ಯಾವುದೋ ಬೊಚ್ಚು ಬಾಯಿಗೆ ಮತ್ತೆ ನಗು ಬಂದಿರುತ್ತಿತ್ತು. ಜೊತೆಯವರು ಅವಳಿಗಿಟ್ಟ ಹೆಸರು ಹಲ್ಲುರಾಣಿ. ಈಗ ಹಲ್ಲುರಾಣಿಯ ಹಲ್ಲುಗಳೇ ಕಟಕಟ ಅನ್ನುತ್ತಿದ್ದವು!

"ಮೇಡಮ್..." ಮೇಲಿನಿಂದ ಒಂದು ದನಿ. ಗಂಡಸಿನದು. ಒಂದಿಷ್ಟೂ ಅವಸರವಿಲ್ಲದ ದನಿ. "ನಾನು ಲಿಫ್ಟ್ ಮೆಕ್ಯಾನಿಕ್. ಕರೆಂಟ್ ಹೋಗಿದೆ. ಕೈಯಲ್ಲೇ ತಿರುಗಿಸಿ ನಿಮ್ಮನ್ನ ಮೇಲೆ ತರ್ತೀನಿ. ಹೆದರಬೇಡಿ."

"ಹಗ್ಗ ಕಡಿದ್ರೆ?"

"ಒಂದೇ ಹಗ್ಗ ಅಲ್ಲ, ನಾಲ್ಕಿದೆ. ಎಲ್ಲಾ ಕಡಿದ್ರೂ ಕೆಳಗಿರೋ ಬ್ರೇಕು ಕಂಬೀನ ಕಚ್ಚಿ ಹಿಡಿಯತ್ತೆ."

"ನನಗೇನೂ ಕಾಣಿಸ್ತಿಲ್ಲ ಕಣ್ರೀ!"

"ಕಾಣದೇ ಇದ್ರೆ ಇಲ್ಲ ಅಂತಾನಾ? ನಾನೂ ನಿಮಗೆ ಕಾಣಿಸ್ತಿಲ್ಲ. ಆದ್ರೂ ನನ್ನ ಜೊತೆ ಜಗಳ ಆಡ್ತಿದ್ದೀರಲ್ಲ!"

ಅಷ್ಟು ಭಯದಲ್ಲೂ ಅವಳಿಗೆ ನಗು ಬಂತು. "ಬೀಳಲ್ಲ ಅಂತ ಗ್ಯಾರಂಟೀನಾ?"

"ಗ್ಯಾರಂಟಿ ಕೊಡೋನು ಮೇಲಿದ್ದಾನೆ."

"ಮೇಲಿರೋದು ನೀವೇ ತಾನೇ?"

"ಅಯ್ಯೋ... ನನಗಿಂತ ಮೇಲೆ ಮೇಡಮ್!"

ಲಿಫ್ಟ್ ಇಂಚಿಂಚಾಗಿ ಮೇಲೇರಿ ನಾಲ್ಕನೇ ಮಹಡಿಗೆ ನಿಂತಿತು. ಅವನು ಇಳಿದು ಬಂದು ಎಳೆದಾಗ ಬಾಗಿಲು ಸರಿಯಿತು. ಬೆಳಕಿಗೆ ಕಣ್ಣು ಕುಕ್ಕಿ ಅವಳು ಎಡವಿದಳು. ಕೈಯಲ್ಲಿದ್ದ ಡಬ್ಬಿ ಜಾರಿ, ಅದರೊಳಗಿದ್ದ ಸೆಟ್ಟು ಉರುಳಿ, ಸೀದಾ ಅವನ ಬೂಟಿನ ಮುಂದೆ ಹೋಗಿ ಕೂತಿತು.

ಅವನನ್ನು ನೋಡಿ ಮೊದಲು ನಕ್ಕಿದ್ದು ಅವಳಲ್ಲ, ಆ ಹಲ್ಲಿನ ಸೆಟ್ಟು!

ಅವನು ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಅದನ್ನು ಜೋಪಾನವಾಗಿ ಎತ್ತಿ ಕೊಟ್ಟ. "ಅಸ್ಸಲಾಮು ಅಲೈಕುಮ್" ಅಂದ, ಕಣ್ಣು ತಗ್ಗಿಸಿ.

ಸಲಾಮಿಗೆ ಉತ್ತರ ಕೊಡುವುದನ್ನೂ ಮರೆತು ಅವಳು ಲ್ಯಾಬಿಗೆ ಓಡಿದಳು. ಅವತ್ತಿನಿಂದ ಲಿಫ್ಟಿಗೆ ಕಾಲಿಡಲಿಲ್ಲ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಟ್ಟರೂ ಸರಿ, ಮೆಟ್ಟಿಲೇ ಗಟ್ಟಿ!

*

ಅವನು ಪ್ರತಿ ತಿಂಗಳೂ ಬರುತ್ತಿದ್ದ. ಹಗ್ಗಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಅವಳು ಮೆಟ್ಟಿಲು ಹತ್ತುವಾಗ ಎದುರಾದರೆ "ಲಿಫ್ಟ್ ಚೆನ್ನಾಗಿದೆ ಮೇಡಮ್" ಅನ್ನುತ್ತಿದ್ದ.

"ನನ್ನ ಕಾಲೂ ಚೆನ್ನಾಗಿವೆ" ಅನ್ನುತ್ತಿದ್ದಳು ಅವಳು.

ಅಷ್ಟೇ ಮಾತು. ಆದರೆ ಅವನು ಬರುವ ದಿನ ಅವಳು ಮೆಟ್ಟಿಲನ್ನು ಯಾಕಷ್ಟು ನಿಧಾನವಾಗಿ ಹತ್ತುತ್ತಿದ್ದಳೋ... ಅವಳಿಗೂ ಗೊತ್ತಿರಲಿಲ್ಲ. ಹೋಗಲಿ, ಗೊತ್ತಿತ್ತು!

ಒಂದು ದಿನ ಅವನ ಚಿಕ್ಕಮ್ಮ ಅವಳ ಮನೆಗೆ ಬಂದರು, ಸಂಬಂಧ ಕೇಳಿಕೊಂಡು. ಅಮ್ಮಿಗೆ ಖುಷಿಯೋ ಖುಷಿ. ಅಜ್ಜಿ ಮಾತ್ರ ಮೊಮ್ಮಗಳ ಮುಖವನ್ನೇ ನೋಡುತ್ತಾ ಕೂತಿದ್ದರು. ಮೊಮ್ಮಗಳು ಮಾಡಿಕೊಟ್ಟ ಸೆಟ್ಟು ಅಜ್ಜಿಯ ಬಾಯಲ್ಲಿ ಫಳಫಳ ಹೊಳೆಯುತ್ತಿತ್ತು.

"ಏನಂತೀಯ ಮುದ್ದು?" ಅಮ್ಮಿ ಕೇಳಿದರು.

"ಇಸ್ತಿಖಾರಾ ಮಾಡ್ತೀನಿ ಅಮ್ಮಿ. ಆಮೇಲೆ ಹೇಳ್ತೀನಿ."

ಇಸ್ತಿಖಾರಾ ಅಂದರೆ ದೊಡ್ಡ ನಿರ್ಧಾರಕ್ಕೆ ಮೊದಲು ಎರಡು ರಕಾತ್ ನಮಾಜ್ ಮಾಡಿ, 'ಇದು ನನಗೆ ಒಳ್ಳೆಯದಾದರೆ ಸುಲಭ ಮಾಡು, ಕೆಟ್ಟದ್ದಾದರೆ ದೂರ ಮಾಡು' ಎಂದು ಅಲ್ಲಾಹ್‌ನಲ್ಲಿ ಬೇಡಿಕೊಳ್ಳುವುದು. ಬೇಡಿದಳು. ಆದರೆ ಅವಳ ಮನಸ್ಸು ಇನ್ನೊಂದನ್ನೂ ಸೇರಿಸಿಬಿಟ್ಟಿತ್ತು: ನನಗೊಂದು ಗುರುತು ತೋರಿಸು... ಕನಸಲ್ಲಾದರೂ ಸರಿ... ಗ್ಯಾರಂಟಿ ಕೊಡು!

ಅಬ್ಬ, ಅವಳ ಅಪ್ಪ, ತೀರಿಹೋದ ಮೇಲೆ ಅವಳು ಹೀಗಾಗಿದ್ದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಎಷ್ಟು ದುಆ ಮಾಡಿದ್ದಳು! ಅಬ್ಬ ಉಳಿಯಲಿಲ್ಲ. ನಮಾಜ್ ಬಿಡಲಿಲ್ಲ ನಿಜ. ಹಣೆ ನೆಲ ಮುಟ್ಟುತ್ತಿತ್ತು, ಮನಸ್ಸು ಮಾತ್ರ ನಿಂತೇ ಇರುತ್ತಿತ್ತು, ವಾದಕ್ಕೆ ನಿಂತ ವಕೀಲರ ಹಾಗೆ.

ಆ ರಾತ್ರಿ ಕನಸು ಬಿತ್ತು. ಲಿಫ್ಟಿನ ಬಾಗಿಲು ತೆರೆದಿದೆ. ಒಳಗೆ ಕತ್ತಲು. ಅವನನ್ನು ಕರೆಯುತ್ತಿದ್ದಾಳೆ. ಯಾರೂ ಓಗೊಡುತ್ತಿಲ್ಲ...

ಬೆಳಿಗ್ಗೆ ಎದ್ದವಳೇ ಅಂದಳು: "ಬೇಡ ಅಮ್ಮಿ. ಈ ಸಂಬಂಧ ಬೇಡ."

ಹೇಳಿದ್ದೇನೋ ಹೇಳಿದಳು. ಆದರೆ ದಿನವಿಡೀ ಮೂರು ಸೆಟ್ಟಿಗೆ ಮೇಲಿನ ಹಲ್ಲನ್ನು ಕೆಳಗೆ, ಕೆಳಗಿನದನ್ನು ಮೇಲೆ ಕೂರಿಸಿ ಡಾಕ್ಟರ ಹತ್ತಿರ ಬೈಸಿಕೊಂಡಳು. ಅವನು ಏನನ್ನಬಹುದು? ಯಾಕೆ ಅಂತ ಕೇಳಬಹುದಾ? ಬಂದು ಮೆಟ್ಟಿಲ ಹತ್ತಿರ ನಿಲ್ಲಬಹುದಾ?

ಸಂಜೆ ಚಿಕ್ಕಮ್ಮನ ಫೋನು ಬಂತು. ಅಮ್ಮಿ ಮೆಲ್ಲಗೆ ಹೇಳಿದರು, "ಹುಡುಗ ಒಂದೇ ಮಾತು ಅಂದನಂತೆ ಕಣೇ. ಅಲ್ಹಮ್ದುಲಿಲ್ಲಾಹ್, ಅಲ್ಲಾಹ್ ಇಟ್ಟ ಹಾಗಾಗ್ಲಿ ಅಂತ. ಎಂಥ ಒಳ್ಳೆ ಹುಡುಗ!"

ಅಷ್ಟೇನಾ?

ಅವಳಿಗೆ ಉರಿದುಹೋಯಿತು. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವನಿಗೆ ಪ್ರೀತಿ ಎಲ್ಲಿತ್ತು? ಸದ್ಯ, ಕನಸು ನನ್ನನ್ನು ಉಳಿಸಿತು! ಹೀಗಂದುಕೊಂಡು ಬಚ್ಚಲುಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಮುಂದಿನ ತಿಂಗಳು ಲಿಫ್ಟ್ ನೋಡಲು ಬೇರೆ ಯಾರೋ ಬಂದರು. ಅವಳು ಮೆಟ್ಟಿಲನ್ನು ಎಂದಿನಂತೆಯೇ ನಿಧಾನವಾಗಿ ಹತ್ತಿದಳು. ಸುಮ್ಮನೆ.

*

"ನಿನ್ನ ಸೆಟ್ಟು ಒಸಡಿಗೆ ಒತ್ತತ್ತೆ ಕಣೇ. ನಾಳೆ ನಿನ್ನ ಲ್ಯಾಬಿಗೇ ಬರ್ತೀನಿ" ಅಂದರು ಅಜ್ಜಿ.

"ಮನೇಲೇ ಸರಿ ಮಾಡಿಕೊಡ್ತೀನಿ ಅಜ್ಜಿ."

"ಯಾಕೆ, ನಾನು ಬಂದ್ರೆ ನಿನ್ನ ಲ್ಯಾಬು ಸವೆದುಹೋಗತ್ತಾ?"

ಮರುದಿನ ಮಧ್ಯಾಹ್ನ ಕಾವಲುಗಾರ ಓಡಿಬಂದ. "ಹಲ್ಲುರಾಣಿ ಮೇಡಮ್! ನಿಮ್ಮ ಅಜ್ಜಿ ಲಿಫ್ಟಲ್ಲಿ ಸಿಕ್ಕಿಕೊಂಡಿದ್ದಾರೆ! ಮೂರಕ್ಕೂ ನಾಲ್ಕಕ್ಕೂ ನಡುವೆ!"

ಅವಳ ಕೈಯಲ್ಲಿದ್ದ ಮೇಣದ ಅಚ್ಚು ನೆಲಕ್ಕೆ ಬಿತ್ತು. "ಮೆಕ್ಯಾನಿಕ್‌ಗೆ ಫೋನ್ ಮಾಡಿದ್ರಾ?"

"ಮಾಡ್ದೆ. ಮೊದಲಿನ ಹುಡುಗನೇ ಬರಬೇಕು ಅಂತ ಅಜ್ಜಿ ಒಳಗಿಂದಾನೇ ಕೂಗಿ ಹೇಳಿದ್ರು."

ಅವಳು ಲಿಫ್ಟಿನ ಮುಚ್ಚಿದ ಬಾಗಿಲಿಗೆ ಅಂಗೈ ಒತ್ತಿ ನಿಂತಳು. "ಅಜ್ಜೀ! ಉಸಿರಾಡೋಕೆ ಆಗ್ತಿದೆಯಾ?"

"ಹೂಂ ಕಣೇ. ಫ್ಯಾನಿದೆ, ಲೈಟಿದೆ. ಕನ್ನಡಿ ಬೇರೆ ಇದೆ. ಪರವಾಗಿಲ್ಲ, ಈ ವಯಸ್ಸಿಗೆ ಚೆನ್ನಾಗೇ ಇದ್ದೀನಿ."

ಅಷ್ಟರಲ್ಲಿ ಅವನು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಾ ಬಂದ. ಅವಳನ್ನು ನೋಡಿ ಅರೆಗಳಿಗೆ ತಡೆದ. ಸಲಾಮ್ ಹೇಳಿ ಮಹಡಿಯ ಮೇಲಿನ ಯಂತ್ರದ ಕೋಣೆಗೆ ಓಡಿದ. ಇಳಿದು ಬಂದಾಗ ಅವನ ಮುಖದಲ್ಲೇನೋ ವಿಚಿತ್ರ ಭಾವ.

"ಏನಾಗಿದೆ?" ಅವಳು ಅವನ ದಾರಿಗೆ ಅಡ್ಡ ನಿಂತಳು.

"ಅಪಾಯ ಇಲ್ಲ. ಸ್ವಲ್ಪ... ಸ್ವಲ್ಪ ಹೊತ್ತು ಹಿಡಿಯತ್ತೆ."

"ಹಿಡೀಲಿ ಬಿಡಪ್ಪ" ಒಳಗಿಂದ ಅಜ್ಜಿ. "ನಿಮ್ಮಿಬ್ಬರ ಹತ್ತಿರ ನಾನು ಮಾತಾಡೋದಿದೆ. ತಡಿ, ಸೆಟ್ಟು ತೆಗೀತೀನಿ."

ಅವಳಿಗೆ ಗಾಬರಿ. ಅಜ್ಜಿ ಸೆಟ್ಟು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರೆಂದರೆ ಮಾತು ಗಂಭೀರ! ಅದೂ ಇವನ ಮುಂದೆ!

"ಮೊದಲು ನೀನು ಹೇಳೇ. ಇವನು ಯಾಕೆ ಬೇಡ?"

"ಅಜ್ಜೀ! ಈಗ ಇದೆಲ್ಲಾ..."

"ಈಗಲ್ಲದೆ? ನಾನು ಹೊರಗೆ ಬಂದ್ರೆ ನೀನು ಲ್ಯಾಬಿಗೆ ಓಡ್ತೀಯ, ಅವನು ಮೆಟ್ಟಿಲು ಇಳಿದು ಓಡ್ತಾನೆ. ನನ್ನ ಕಾಲಿಗೆ ನಿಮ್ಮನ್ನ ಹಿಡಿಯೋಕಾಗಲ್ಲ. ಹೇಳು!"

ಅವಳು ತಲೆ ತಗ್ಗಿಸಿದಳು. ಹೇಳದೆ ವಿಧಿಯಿರಲಿಲ್ಲ. "ಇಸ್ತಿಖಾರಾ ಮಾಡಿದೆ. ಕೆಟ್ಟ ಕನಸು ಬಿತ್ತು."

ಒಳಗೆ ಬೊಚ್ಚು ಬಾಯಿಯ ದೊಡ್ಡ ನಗು!

"ಅಲ್ಲಾ ಕಣೇ, ನಮಾಜ್ ಅಂದ್ರೆ ಗಿಣಿಶಾಸ್ತ್ರ ಅಂದ್ಕೊಂಡ್ಯಾ? ಚೀಟಿ ಎತ್ತಿ ಕೊಡೋಕೆ? ಕನಸು ಬೀಳತ್ತೆ ಅಂತ ನಿನಗೆ ಯಾರು ಹೇಳಿದ್ರು? ಬೇಡ್ಕೋಬೇಕು, ಬುದ್ಧಿ ಓಡಿಸ್ಬೇಕು, ತಿಳಿದವರನ್ನ ಕೇಳ್ಬೇಕು, ಹೆಜ್ಜೆ ಇಡ್ಬೇಕು. ಆಮೇಲೆ ಆಗೋದನ್ನ ಅಲ್ಲಾಹ್‌ಗೆ ಬಿಡ್ಬೇಕು. ಅಷ್ಟೇ! ಹಗಲೆಲ್ಲಾ ಲಿಫ್ಟಿಗೆ ಹೆದರೋಳಿಗೆ ರಾತ್ರಿ ಲಿಫ್ಟಿನ ಕನಸಲ್ಲದೆ ಏರೋಪ್ಲೇನಿನ ಕನಸು ಬೀಳತ್ತಾ?"

ಅವನ ತುಟಿಯಂಚು ಕದಲಿತು. ಅವಳಿಗೆ ಕಂಡುಬಿಟ್ಟಿತು.

"ನೀವು ನಗಬೇಡಿ!" ಇಷ್ಟು ದಿನ ಕಟ್ಟಿಟ್ಟಿದ್ದೆಲ್ಲಾ ಒಡೆಯಿತು. "ನಿಮಗೇನು, ಅಲ್ಹಮ್ದುಲಿಲ್ಲಾಹ್ ಅಂತ ಕೈ ತೊಳ್ಕೊಂಡ್ರಿ. ನಾನು... ಅಬ್ಬನಿಗೋಸ್ಕರ ಎಷ್ಟು ಬೇಡ್ಕೊಂಡೆ ಗೊತ್ತಾ? ಅಲ್ಲಾಹ್ ಕೊಡಲಿಲ್ಲ. ಅವತ್ತಿಂದ ನನಗೆ ಬೇಡೋಕೇ ಭಯ. ಏನನ್ನ ಇಷ್ಟಪಟ್ಟು ಕೇಳ್ತೀನೋ ಅದನ್ನೇ ಕಿತ್ಕೊಳ್ತಾನೇನೋ ಅಂತ... ನಿಮ್ಮನ್ನ ತುಂಬಾ ಇಷ್ಟಪಟ್ಟು ಕೇಳಿದ್ದೆ!"

ಅಂದುಬಿಟ್ಟಳು! ನಾಲಿಗೆ ಕಚ್ಚಿಕೊಂಡಳು. ಕಣ್ಣಲ್ಲಿ ನೀರು ಬಳಬಳನೆ ಇಳಿಯಿತು.

ಒಳಗಿಂದ ಬಂದ ಅಜ್ಜಿಯ ದನಿ ಈಗ ಬೇರೆಯೇ ಆಗಿತ್ತು.

"ಮುದ್ದು... ನಿನಗೆ ಅವನು ಅಬ್ಬ. ನನಗೆ ಹೊಟ್ಟೇಲಿ ಹುಟ್ಟಿದ ಮಗ ಕಣೇ."

ಅವಳು ಬಾಗಿಲಿಗೆ ಕೆನ್ನೆ ಒತ್ತಿದಳು.

"ಅವನು ಹೋದ ದಿನ ನಾನೂ ನಮಾಜ್‌ಗೆ ನಿಂತೆ. ಒಂದಕ್ಷರ ಬಾಯಿಗೆ ಬರಲಿಲ್ಲ. ಸುಜೂದ್‌ಗೆ ಹೋಗಿ ಹಣೆ ಇಟ್ಟು ಬರೀ ಅತ್ತೆ. ಯಾಕೆ ಕಿತ್ಕೊಂಡೆ ಅಂತ ಕೇಳಿದ್ದೂ ಅಲ್ಲಾಹ್‌ನನ್ನೇ, ತಡ್ಕೊಳ್ಳೋ ಶಕ್ತಿ ಕೊಡು ಅಂತ ಬೇಡಿದ್ದೂ ಅವನನ್ನೇ. ಇನ್ಯಾರ ಹತ್ತಿರ ಹೋಗ್ಲಿ ಹೇಳು? ಕೊಟ್ಟಾಗ ಮಾತ್ರ ನಂಬಿದ್ರೆ ಅದು ವ್ಯಾಪಾರ. ಕೊಡದೇ ಇದ್ದಾಗಲೂ ಅವನ ಬಾಗಿಲು ಬಿಟ್ಟು ಏಳ್ದೇ ಇರೋದಿದೆಯಲ್ಲ... ಅದು ಕಣೇ ಈಮಾನ್, ನಿಜವಾದ ನಂಬಿಕೆ."

ಅವಳು ಬಿಕ್ಕಿದಳು. ಅಜ್ಜಿ ಅತ್ತಿದ್ದನ್ನು ಅವಳು ನೋಡಿರಲೇ ಇಲ್ಲ. ಅಜ್ಜಿಗೆ ನಂಬಿಕೆ ಜಾಸ್ತಿ, ಅದಕ್ಕೇ ನೋವು ಕಮ್ಮಿ ಅಂದುಕೊಂಡಿದ್ದಳು. ಎಂಥ ಪೆದ್ದಿ ನಾನು!

"ಇನ್ನು ನೀನು!" ಅಜ್ಜಿಯ ದನಿ ಅವನ ಕಡೆ ತಿರುಗಿತು. "ಅಲ್ಲಾಹ್ ಇಟ್ಟ ಹಾಗಾಗ್ಲಿ ಅಂದ್ಯಂತೆ?"

"ಹೌದು ಅಜ್ಜಿ. ಅವರೇ ಬೇಡ ಅಂದಮೇಲೆ... ಅದು ಅವರ ಹಕ್ಕು. ತೊಂದರೆ ಕೊಡಬಾರದು ಅಂತ..."

"ಬೇಡ ಅಂದೋರ ಬೆನ್ನು ಹತ್ತಬಾರದು, ಸರಿ. ಆದ್ರೆ ಯಾಕೆ ಅಂತ ಮರ್ಯಾದೆಯಾಗಿ ಒಂದು ಮಾತು ಕೇಳ್ಸೋಕೆ ಏನಾಗಿತ್ತು? ಲಿಫ್ಟಿನ ಹಗ್ಗಾನ ತಿಂಗಳು ತಿಂಗಳು ಮುಟ್ಟಿ ನೋಡ್ತೀಯ. ಅಲ್ಲಾಹ್ ಕಾಪಾಡ್ತಾನೆ ಅಂತ ಮನೇಲಿ ಮಲಗಲ್ಲ. ನನ್ನ ಮೊಮ್ಮಗಳ ಮನಸ್ಸೇನು ಹಗ್ಗಕ್ಕಿಂತ ಕಡೆಯಾ?"

ಅವನು ತಲೆ ತಗ್ಗಿಸಿದ. ಗ್ರೀಸ್ ಬಟ್ಟೆಯನ್ನು ಹಿಂಡಿದ.

"ತಪ್ಪಾಯ್ತು ಅಜ್ಜಿ." ಆಮೇಲೆ ಅವಳ ಕಡೆ ತಿರುಗಿ, ನೆಲ ನೋಡುತ್ತಲೇ ಹೇಳಿದ. "ಬಾಯಲ್ಲಿ ಅಲ್ಹಮ್ದುಲಿಲ್ಲಾಹ್ ಅಂದೆ ಮೇಡಮ್. ಮನಸ್ಸು ಅದನ್ನ ಹೇಳೋಕೆ ಎಷ್ಟೋ ದಿನ ಹಿಡೀತು. ಈ ಕಟ್ಟಡದ ಕೆಲಸ ಬೇರೆಯವರಿಗೆ ಕೊಡಿ ಅಂತ ನಾನೇ ಕೇಳ್ಕೊಂಡೆ. ಮೆಟ್ಟಿಲಲ್ಲಿ ನೀವು ಸಿಕ್ಕಿದ್ರೆ... ಲಿಫ್ಟ್ ಚೆನ್ನಾಗಿದೆ ಅಂತ ಹೇಳೋಕೂ ಆಗ್ತಿರಲಿಲ್ಲ."

"ಯಾಕೆ?"

"ಅಳು ಬಂದ್ಬಿಡ್ತಿತ್ತು. ಭಯ ಆಗಿತ್ತು ಮೇಡಮ್, ಕೇಳಿದ್ರೆ ಇನ್ನೊಂದ್ಸಲ ಬೇಡ ಅಂತೀರೇನೋ ಅಂತ. ಆ ಭಯಕ್ಕೆ ನಂಬಿಕೆ ಅಂತ ಹೆಸರಿಟ್ಟು ಸುಮ್ಮನಾಗ್ಬಿಟ್ಟೆ."

ಅವಳು ಕಣ್ಣೊರೆಸಿಕೊಂಡಳು. ಎದೆಯೊಳಗೆ ಎಷ್ಟೋ ದಿನದಿಂದ ಅರ್ಧಕ್ಕೆ ನಿಂತಿದ್ದೇನೋ ಮೆಲ್ಲಗೆ ಕದಲಿತು.

"ಈಗ ಕೇಳಿ" ಅಂದಳು.

"ಯಾಕೆ ಬೇಡ ಅಂದ್ರಿ?"

"ಭಯಕ್ಕೆ. ನಿಮ್ಮ ಹಾಗೇನೇ."

"ಮತ್ತೆ ಚಿಕ್ಕಮ್ಮನ್ನ ಕಳಿಸಿದ್ರೆ?"

"ನಾಳೆ ಸಂಜೆ ಕಳಿಸಿ. ಇವತ್ತು ಮತ್ತೆ ಇಸ್ತಿಖಾರಾ ಮಾಡ್ತೀನಿ." ಅವನ ಮುಖ ಬಾಡಿದ್ದು ಕಂಡು ಅವಳಿಗೆ ನಗು ಬಂತು. "ಹೆದರಬೇಡಿ! ಈ ಸಲ ಕನಸಿಗೆ ಕಾಯಲ್ಲ. ನನ್ನ ಹೆಜ್ಜೆ ನಾನು ಇಡ್ತೀನಿ."

"ಆಯ್ತಾ ನಿಮ್ಮದು?" ಒಳಗಿಂದ ಅಜ್ಜಿ. "ನನಗೆ ಕಾಲು ನೋಯ್ತಿದೆ!"

ಅವನು ಬಾಗಿಲಿನ ಹತ್ತಿರ ಬಾಯಿಟ್ಟು ಮೆಲ್ಲಗೆ ಹೇಳಿದ, "ಅಜ್ಜಿ, ನೀವು ಒತ್ತಿದ್ರಲ್ಲ ಕೆಂಪು ಗುಂಡಿ... ಅದನ್ನ ಹೊರಗೆ ಎಳೀರಿ."

ಅವಳು ಬಾಯಿ ತೆರೆದು ನಿಂತಳು. "ಅಜ್ಜೀ! ನೀವೇ ನಿಲ್ಸಿದ್ದಾ?" ಆಮೇಲೆ ಅವನ ಕಡೆ ತಿರುಗಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಮೇಲೆ ಹೋಗಿ ನೋಡಿದ ತಕ್ಷಣ."

"ಮತ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಲಿಫ್ಟ್ ಹೊರಡ್ತಿತ್ತು." ಮೊದಲ ಬಾರಿಗೆ ಅವನು ಕಣ್ಣೆತ್ತಿ ಅವಳನ್ನು ನೇರವಾಗಿ ನೋಡಿದ. "ನೀವೂ ಹೊರಡ್ತಿದ್ರಿ."

ಬಾಗಿಲು ಸರಿಯಿತು. ಅಜ್ಜಿ ಕನ್ನಡಿಯಲ್ಲಿ ನೋಡಿಕೊಂಡು ಸೆಟ್ಟು ಕೂರಿಸಿಕೊಳ್ಳುತ್ತಿದ್ದರು. ಹಲ್ಲೆಲ್ಲಾ ಕಾಣುವ ಹಾಗೆ ನಕ್ಕರು. "ಒಸಡಿಗೆ ಏನೂ ಒತ್ತಲ್ಲ ಕಣೇ. ಬಾ, ನನ್ನನ್ನ ಕೆಳಗೆ ಬಿಟ್ಟು ಬಾ."

ಅವಳು ಹೊಸ್ತಿಲಲ್ಲಿ ನಿಂತಳು. ಅದೇ ಲಿಫ್ಟ್. ಅದೇ ನೆಲ, ಕೆಳಗೆ ಅದೇ ಕಾಣದ ಆಳ.

"ಬೀಳಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

"ಗ್ಯಾರಂಟಿ ನನ್ನ ಹತ್ತಿರ ಇಲ್ಲ ಮೇಡಮ್. ಜೊತೆಗೆ ಬರ್ತೀನಿ, ಅಷ್ಟೇ."

ಅವಳು "ಬಿಸ್ಮಿಲ್ಲಾಹ್" ಅಂದು ಬಲಗಾಲು ಒಳಗಿಟ್ಟಳು. ಅವನೂ ಹಿಂದೆಯೇ ಬಂದ.

ಅಜ್ಜಿ ಇಬ್ಬರ ನಡುವೆ ತೂರಿಕೊಂಡು ನಿಂತರು. "ನಿಕಾಹ್ ಆಗೋವರೆಗೂ ನಾನು ಇಲ್ಲೇ ಇರ್ತೀನಿ. ಯಾರಾದ್ರೂ ಗುಂಡಿ ಒತ್ತಿ!"

ಅವಳೇ ಒತ್ತಿದಳು. ಅಜ್ಜಿಯ ತಲೆಯ ಮೇಲಿಂದ ಮೆಲ್ಲಗೆ ಅಂದಳು, "ಲಿಫ್ಟ್ ಚೆನ್ನಾಗಿದೆ."

"ನಿಮ್ಮ ಕಾಲೂ ಚೆನ್ನಾಗಿವೆ" ಅಂದ ಅವನು.