ಎರಡು ಕಿಲೋ ಮೆಣಸು

"ಮೆಣಸು ಎರಡು ಕಿಲೋ ಹೆಚ್ಚು ಹಾಕಿ. ಈ ಸಲದ್ದು ಖಾರ ಕಮ್ಮಿ."

ಕೆಲಸಕ್ಕೆ ಸೇರಿದ ಎಂಟು ತಿಂಗಳಲ್ಲಿ ಮಾಲಕ ಸರ್ವೋತ್ತಮ ವನಮಾಲಾಳೊಡನೆ ಆಡಿದ ಮೊದಲ ಮಾತು ಇದು! ಇದೂ ಒಂದು ಮಾತೇ ಎಂದು ನಗಬೇಡಿ. ಅಷ್ಟಕ್ಕೇ ಅವಳ ಎದೆ ಢವಢವ ಹೊಡೆದುಕೊಂಡಿತು.

ಆಗ ಎಪ್ಪತ್ತೆಂಟನೇ ಇಸವಿ. ಮುಂಬಯಿ ಪಕ್ಕದ ಠಾಣೆಯ ಕೋಪರಿಯಲ್ಲಿ ಅವನದು ಗುಬ್ಬಿ ಮಾರ್ಕಿನ ಸಾರಿನ ಪುಡಿಯ ಕಾರ್ಖಾನೆ. ಕುಂದಾಪುರದಿಂದ ಬರಿಗೈಯಲ್ಲಿ ಬಂದು, ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದವನು. ನೌಪಾಡಾದಲ್ಲಿ ಕೊಂಡರೂ ಕಲ್ಯಾಣದಲ್ಲಿ ಕೊಂಡರೂ ಗುಬ್ಬಿಯ ರುಚಿ ಒಂದೇ ಇರಬೇಕು ಎಂಬುದು ಅವನ ಹಟ. ಆ ಹಟಕ್ಕೇ ವನಮಾಲಾ ಮನಸೋತಿದ್ದಳು. ದಿವಾದ ಚಾಳಿನ ತಮ್ಮ ಕೋಣೆಯಲ್ಲಿ ಊಟಕ್ಕೆ ಕೂತರೂ ಅವನದೇ ಮಾತು.

"ನಿಮ್ಮ ಮಾಲಕರು ನಮ್ಮನಿ ಉಪ್ಪೂ ತೂಗತಾರೇನ?" ಎಂದು ತಾಯಿ ಪಾರವ್ವ ಕಾಡಿಸುತ್ತಿದ್ದಳು.

ಮಸಾಲೆ ತೂಗಿ ಪುಡಿ ಮಾಡುವ ಬಾಗಿ ಎಂಬವಳು ಊರಿಗೆ ಹೋಗಿದ್ದಳು. ಪ್ಯಾಕಿಂಗಿನಲ್ಲಿದ್ದ ವನಮಾಲಾಗೆ ಆ ಕೆಲಸ ಬಂತು. ಹೇಳಿದಂತೆ ಎರಡು ಕಿಲೋ ಮೆಣಸು ಹೆಚ್ಚಿಗೆ ತೂಗಿ ಹಾಕಿದಳು.

ಮರುದಿನ ಸರ್ವೋತ್ತಮ ಪುಡಿಯನ್ನು ನಾಲಗೆಗಿಟ್ಟ. ಮುಖ ಗಂಟಾಯಿತು.

"ಇದಕ್ಕೆ ಎಂತ ಹಾಕಿದ್ದು?"

"ನೀವು ಹೇಳಿದ್ದ ಹಾಕೀನ್ರಿ. ಮೆಣಸು."

"ಸುಳ್ಳು. ಮೆಣಸು ಹಾಕಿದ್ರೆ ಕೆಂಪಾಗ್ಬೇಕು. ಇದು ಕಪ್ಪಾಗಿದೆ."

ಮೆಣಸು ಹಾಕಿದರೆ ಕೆಂಪಾಗುವುದು ಹೇಗೆ?! ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಗುಬ್ಬಿಯ ಹೆಸರು ಕೆಡಿಸ್ಲಿಕ್ಕೆ ಯಾರು ಕಳಿಸಿದ್ದು ನಿಮ್ಮನ್ನು?" ಹದಿನಾಲ್ಕು ಹೆಂಗಸರ ಎದುರಿಗೆ ಕೇಳಿದ. "ಎಲ್ಲ ನೀವೇ ಹೊತ್ತು ಗಟಾರಕ್ಕೆ ಸುರೀರಿ. ನಾಳೆಯಿಂದ ಬರುದು ಬೇಡ."

ಸುರಿದಳು... ಬುಟ್ಟಿ ಬುಟ್ಟಿಯಾಗಿ. ಘಾಟಿಗೋ ಅವಮಾನಕ್ಕೋ, ಕಣ್ಣೀರು ಹರಿಯುತ್ತಲೇ ಇತ್ತು.

ಸುದ್ದಿ ಲೋಕಲ್ ಗಾಡಿಗಿಂತ ಮೊದಲೇ ದಿವಾ ಮುಟ್ಟಿತು. ಉಂಡ ಮನೆಗೆ ಎರಡು ಬಗೆದವಳು ಎಂದರು. ಅದೇ ಮಾತಿಗೆ ಡೊಂಬಿವಲಿಯಲ್ಲಿ ಅವಳ ತಂಗಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು.

ತಿಂಗಳ ಮೇಲೆ ಬಾಗಿ ಬಂದಳು. ನಡೆದದ್ದು ಕೇಳಿ ಹಣೆ ಚಚ್ಚಿಕೊಂಡಳು.

"ಧಣಿ, ವನಮಾಲಾಳಂಥ ಘಟ್ಟದ ಮೇಲಿನವರಿಗೆ ಮೆಣಸು ಅಂದ್ರೆ ಒಳ್ಳೆಮೆಣಸು, ಕಪ್ಪು ಕಾಳು. ನಮ್ಮ ಮೆಣಸಿಗೆ ಅವರು ಮೆಣಸಿನಕಾಯಿ ಅಂತಾರೆ."

ಅಂದು ಸಂಜೆಯೇ ಅವನು ದಿವಾದ ಚಾಳಿನ ಬಾಗಿಲಲ್ಲಿ ನಿಂತಿದ್ದ.

"ತಪ್ಪು ನನ್ನದು. ದಿನಾ ನಿಮ್ಮನ್ನು ನೋಡ್ತಿದ್ದೆ, ಮಾತಾಡ್ಲಿಕ್ಕೆ ಧೈರ್ಯ ಬರ್ಲಿಲ್ಲ. ಈಗ ನೀವು ಕೂರ್ತಿದ್ದ ಖಾಲಿ ಜಾಗ ನೋಡ್ಲಿಕ್ಕೆ ಆಗುದಿಲ್ಲ ನನಗೆ. ನನ್ನನ್ನು ಮದುವೆ ಆಗ್ತೀರಾ?"

ಎಷ್ಟು ದಿನದ ಆಸೆ! ಹೂಂ ಎನ್ನಲು ತುಟಿಯವರೆಗೆ ಬಂದಿತ್ತು...

"ತಪ್ಪು ನಿಮ್ದಂತ ಆ ಹೆಂಗಸರ ಮುಂದ ಹೇಳ್ತೀರಿ?"

ಅವನು ತಲೆ ತಗ್ಗಿಸಿದ. "ಮಾಲಕನದೇ ತಪ್ಪು ಅಂತಾದ್ರೆ ನಾಳೆ ನನ್ನ ಅಳತೆಗೆ ಬೆಲೆ ಉಂಟಾ? ಹೆಂಡತಿಯಾಗಿ ಬನ್ನಿ, ಮತ್ತೆ ಯಾರೂ ಬಾಯಿ ಬಿಡುದಿಲ್ಲ."

"ಅಂದ್ರ ಗುಬ್ಬಿಗಷ್ಟ ಹೆಸರೈತಿ. ನನಗ, ನನ್ನ ತಂಗಿಗೆ ಇಲ್ಲ."

ಯಾವ ಹಟಕ್ಕೆ ಮನಸೋತಿದ್ದಳೋ ಅದೇ ಈಗ ಅವಳ ಕುತ್ತಿಗೆಗೆ ಬಂದಿತ್ತು.

"ಹಾಗಾದ್ರೆ ನನ್ನ ಮೇಲೆ ಪ್ರೀತಿ ಇಲ್ವಾ?"

"ಐತ್ರಿ. ಸುಳ್ಳ್ಯಾಕ ಹೇಳ್ಲಿ?" ಕಣ್ಣೊರೆಸಿಕೊಂಡಳು. "ಅವರ ಮುಂದ ಹೇಳಿ ಬರ್ರಿ. ಉಟ್ಟ ಸೀರಿಮ್ಯಾಲ ಬರತೀನಿ."

"ಅದು ನನ್ನಿಂದ ಆಗ್ಲಿಕ್ಕಿಲ್ಲ, ವನಮಾಲಾ."

ಅವನ ಬಾಯಲ್ಲಿ ತನ್ನ ಹೆಸರು ಅವಳು ಕೇಳಿದ್ದು ಅದೇ ಮೊದಲು.

"ಇನ್ನೊಮ್ಮೆ ಹಂಗ ಕರೀರಿ," ಎಂದಳು ಮೆಲ್ಲಗೆ. "ಆಮ್ಯಾಲ ಹೋಗ್ರಿ."

"ವನಮಾಲಾ..."

ಅವಳು ಬಾಗಿಲು ಹಾಕಿಕೊಂಡಳು.