ಎಲ್ಲರಿಗೂ ಗೊತ್ತಿದ್ದ ಮಟ್ಟು

ಅವಳ ಖುರ್ಚಿಯಲ್ಲಿ ಬೇರೆ ಯಾವಳೋ ಕೂತಿದ್ದಳು!

ನೆಸ್ಸಾ ಪಬ್ಬಿನ ಬಾಗಿಲಲ್ಲೇ ನಿಂತುಬಿಟ್ಟಳು. ಪಿಟೀಲಿನ ಪೆಟ್ಟಿಗೆ ಹೆಗಲಿನಿಂದ ಜಾರಿದ್ದೂ ಗೊತ್ತಾಗಲಿಲ್ಲ. ಎಂಟು ವರ್ಷಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಬೆಂಕಿಗೂಡಿನ ಪಕ್ಕದ ಆ ಖುರ್ಚಿ ಅವಳದು. ಅದರ ಪಕ್ಕದಲ್ಲಿ ಲೋರ್ಕನ್, ಅವನ ಕೈಯಲ್ಲಿ ಮರದ ಕೊಳಲು. ಕ್ಲೇರ್ ಸೀಮೆಯ ಈ ಕಡಲೂರಿನಲ್ಲಿ ಪಾದ್ರಿಯ ಪೀಠದ ಮೇಲಾದರೂ ಯಾರಾದರೂ ಕೂತಾರು, ಸೆಷನ್ ಎಂಬ ಈ ವಾದ್ಯಗಾರರ ಕೂಟದಲ್ಲಿ ಇನ್ನೊಬ್ಬರ ಖುರ್ಚಿಯಲ್ಲಿ ಕೂರುವುದಿಲ್ಲ.

ಹೊಸಬರು ಬಂದರೆ ಹಿಂದಿನ ಬೆಂಚು. ನಾಲ್ಕಾರು ವಾರ ಸುಮ್ಮನೆ ಕೂತು ಕೇಳಬೇಕು. ಆಮೇಲೆ ಯಾರಾದರೂ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ.

ಇವಳೋ... ಮಂಡಿಯ ಮೇಲೆ ಕಾನ್ಸರ್ಟಿನಾ ಎಂಬ ಪುಟ್ಟ ಗಾಳಿಪೆಟ್ಟಿಗೆ ಇಟ್ಟುಕೊಂಡು, ಲೋರ್ಕನ್‌ನ ಭುಜಕ್ಕೆ ಭುಜ ತಾಗಿಸಿ ನಗುತ್ತಿದ್ದಳು. ಅವನೂ ನಗುತ್ತಿದ್ದ! ವಾರಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು ಎನ್ನುವಂಥ ಲೋರ್ಕನ್!

"ನೆಸ್ಸಾ, ಬಂದ್ಯಾ! ಇವರು ಮಾರೈಕೆ, ಹಾಲೆಂಡಿನವರು. ಫೋರಮ್ಮಲ್ಲಿ ಪರಿಚಯ," ಎಂದ ಲೋರ್ಕನ್. ಯಾಕೋ ಅವನ ಕಿವಿಯೆಲ್ಲ ಕೆಂಪಾಗಿತ್ತು.

ಫೋರಮ್! ಆ ಹಾಳು ಫೋರಮ್!

ಲೋಕದ ಮೂಲೆಮೂಲೆಯಲ್ಲಿ ಐರಿಷ್ ಮಟ್ಟುಗಳನ್ನು ನುಡಿಸುವವರೆಲ್ಲ ಸೇರುವ ಆನ್‌ಲೈನ್ ಹರಟೆಕಟ್ಟೆ ಅದು. ಲೋರ್ಕನ್ ದಿನಾ ಅಲ್ಲೇ ಬಿದ್ದಿರುತ್ತಾನೆ. ನೆಸ್ಸಾ ಒಮ್ಮೆಯೂ ಇಣುಕಿರಲಿಲ್ಲ. "ಎದುರಿಗೆ ಮುಖ ಇಲ್ದೆ ಎಂಥ ಸೆಷನ್ನು? ಅದು ಬರೀ ಚಾಡಿ ಕಟ್ಟೆ," ಎಂದು ಮೂಗು ಮುರಿದಿದ್ದಳು.

"ಅಯ್ಯೋ, ಬನ್ನಿ, ಇದು ನಿಮ್ಮ ಜಾಗ ಅಲ್ವಾ!" ಮಾರೈಕೆ ಏಳಹೋದಳು.

"ಪರವಾಗಿಲ್ಲ, ಕೂತ್ಕೊಳ್ಳಿ. ಖುರ್ಚಿ ಏನು ನಾನು ಹುಟ್ಟೋವಾಗ ತಂದಿದ್ದಾ?" ನೆಸ್ಸಾಳ ಮಾತಿನಲ್ಲಿ ಸಕ್ಕರೆ ಇತ್ತು, ನೋಟದಲ್ಲಿ ಮಾತ್ರ ಖಾರ.

ಅವಳು ಹೋಗಿ ಟಾಯ್ಲೆಟ್ಟಿನ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಳು. ಪಬ್ಬಿನೊಡತಿ ಬ್ರೈಡಿ ಟೀ ತಂದಿಟ್ಟಳು. ಅವಳು ನೆಸ್ಸಾಳ ಚಿಕ್ಕಮ್ಮ. ಊರಿನ ಸುದ್ದಿಯೆಲ್ಲ ಮೊದಲು ಅವಳ ಕಿವಿಗೆ ಬಿದ್ದು ಆಮೇಲೆ ಊರಿಗೆ ಹೋಗುವುದು.

"ಯಾಕೇ, ಹುಳಿ ಹಾಲು ಕುಡಿದೋಳ ಥರ ಮುಖ ಮಾಡಿದೀಯ?"

"ನನಗೇನಾಗಿದೆ ಚಿಕ್ಕಮ್ಮಾ? ಯಾರು ಎಲ್ಲಿ ಕೂತ್ರೆ ನನಗೇನು?"

"ಹೌದ್ಹೌದು. ನಿನಗೇನಂತೆ," ಎಂದು ಬ್ರೈಡಿ ನಗುವನ್ನು ಏಪ್ರನ್ನಿನಲ್ಲಿ ಒರೆಸಿಕೊಂಡು ಹೋದಳು.

ಎಂಟು ವರ್ಷ... ಪ್ರತಿ ಭಾನುವಾರಕ್ಕಾಗಿ ಉಳಿದ ಆರು ದಿನ ತಳ್ಳಿದ್ದೇನೆ. ಅವನು ಉಸಿರು ಎಳೆದುಕೊಳ್ಳುವ ರೀತಿಯಲ್ಲೇ ಮುಂದಿನ ಮಟ್ಟು ಯಾವುದೆಂದು ನನಗೆ ತಿಳಿಯುತ್ತದೆ. ಒಂದು ಮಾತು, ಒಂದೇ ಒಂದು ಮಾತು ಅವನಾಗಿ ಆಡಲಿ ಎಂದು ಕಾದೆ. ಇವತ್ತು ಇವಳು ಬಂದು ಹತ್ತು ನಿಮಿಷವಾಗಿಲ್ಲ... ಅವನು ನಗುತ್ತಿದ್ದಾನೆ!

ನೆಸ್ಸಾ ಪಿಟೀಲು ಎತ್ತಿದಳು. ಯಾರನ್ನೂ ಕೇಳದೆ ಒಂದು ಮಟ್ಟು ಶುರುಮಾಡಿದಳು. ಅದೂ ಇ-ಫ್ಲಾಟ್ ಶ್ರುತಿಯಲ್ಲಿ! ಪಿಟೀಲಿನವರು ಬೇಡದವರ ಮುಖಕ್ಕೆ ಬಾಗಿಲು ಹಾಕುವ ಉಪಾಯ ಅದು. ಆ ಶ್ರುತಿಯಲ್ಲಿ ಕಾನ್ಸರ್ಟಿನಾದವರು ತಿಣುಕಬೇಕು. ಯಾರೂ ಬಾಯಿಬಿಟ್ಟು "ಹೋಗು" ಎನ್ನುವುದಿಲ್ಲ, ಆದರೆ ಕೂತವರಿಗೆಲ್ಲ ಅರ್ಥವಾಗುತ್ತದೆ.

ಮಾರೈಕೆಯ ಬೆರಳು ನಿಂತಿತು. ನೆಸ್ಸಾಳಿಗೆ ಒಂದು ಕ್ಷಣ ಎದೆ ತಣ್ಣಗಾಯಿತು.

ಮರುಕ್ಷಣ ಲೋರ್ಕನ್ ಕೂಡ ಕೊಳಲನ್ನು ಮಡಿಲಿಗಿಳಿಸಿದ್ದು ಕಂಡಿತು. ಆ ಶ್ರುತಿ ಅವನ ಕೊಳಲಿಗೂ ಒಗ್ಗದು! ಅದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ, ಹೊಟ್ಟೆಕಿಚ್ಚಿನಲ್ಲಿ ಮರೆತಿದ್ದಳು. ಅವನು ಅವಳನ್ನೇ ನೋಡುತ್ತಿದ್ದ. ಆ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು.

ಒಬ್ಬಳೇ ನುಡಿಸಿ ಮುಗಿಸಿದಳು. ಯಾರೂ "ಭೇಷ್" ಎನ್ನಲಿಲ್ಲ.

ಮಾರೈಕೆ ಮೆಲ್ಲಗೆ ಕೇಳಿದಳು. "ನಾನೊಂದು ಶುರುಮಾಡ್ಲಾ?"

ಮೊದಲ ನಾಲ್ಕು ಸ್ವರ ಕಿವಿಗೆ ಬಿದ್ದದ್ದೇ ನೆಸ್ಸಾ ತಟ್ಟನೆ ತಲೆಯೆತ್ತಿದಳು.

ಅದು ಅವಳ ಜಿಗ್! ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡ ಚಳಿಗಾಲದಲ್ಲಿ ಅವಳೇ ಕಟ್ಟಿದ ಮಟ್ಟು. ಅದನ್ನು ಅವಳು ಕಲಿಸಿದ್ದು ಒಬ್ಬನಿಗೇ, ಬ್ರೈಡಿಯ ಅಡುಗೆಮನೆಯಲ್ಲಿ, ಲೋರ್ಕನ್‌ಗೆ. ಕಲಿಯುವುದಕ್ಕೆಂದು ಅವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಸೆಷನ್ನಿನಲ್ಲಿ ಇಬ್ಬರೂ ಅದನ್ನು ಒಮ್ಮೆಯೂ ನುಡಿಸಿರಲಿಲ್ಲ. ಅದು ತಮ್ಮಿಬ್ಬರದು ಎಂದು ಅವಳು ನಂಬಿದ್ದಳು.

ಸಾಲದ್ದಕ್ಕೆ ಎರಡನೆಯ ಭಾಗದಲ್ಲಿ ಆ ಇಳಿಕೆ! ಬಾಲ್ಯದಲ್ಲಿ ಸೈಕಲ್ಲಿನಿಂದ ಬಿದ್ದು ನೆಸ್ಸಾಳ ಎಡಗೈ ಕಿರುಬೆರಳು ಸೆಟೆದಿತ್ತು. ಮೇಲಿನ ಸ್ವರ ಎಟುಕದೆ ಅವಳು ಕೆಳಗಿಳಿಯುತ್ತಿದ್ದಳು. ಈ ಹೆಂಗಸಿನ ಹತ್ತೂ ಬೆರಳು ನೆಟ್ಟಗಿವೆ, ಆದರೂ ಅಲ್ಲೇ, ಹಾಗೆಯೇ ಇಳಿದಳು!

ನನ್ನ ಬೆರಳಿನ ಊನವನ್ನೂ ಇವಳಿಗೆ ಕೊಟ್ಟುಬಿಟ್ಟೆಯಾ ಲೋರ್ಕನ್?

ಮಟ್ಟಿನ ನಡುವೆ ಯಾರೂ ಎದ್ದು ಹೋಗುವುದಿಲ್ಲ. ನೆಸ್ಸಾ ಎದ್ದಳು. ಪೆಟ್ಟಿಗೆ ಮುಚ್ಚಿದಳು. ಬಾಗಿಲು ದಡಾರೆಂದಿತು.

ಸಮುದ್ರದ ಕಡೆಯ ಮೋಟುಗೋಡೆಯ ಬಳಿ ಅವಳು ಅಳುತ್ತಾ ನಿಂತಿದ್ದಾಗ ಹಿಂದೆ ಹೆಜ್ಜೆ ಸದ್ದಾಯಿತು. ಬಂದದ್ದು ಅವನಲ್ಲ, ಅವಳು!

"ನೆಸ್ಸಾ, ನಾನೇನು ತಪ್ಪು ಮಾಡ್ದೆ ಹೇಳಿ."

"ತಪ್ಪಾ? ಛೇ. ಅವನು ಕೊಟ್ಟ, ನೀವು ತಗೊಂಡ್ರಿ. ಮಟ್ಟೂ ನಿಮ್ಮದೇ, ಅವನೂ ನಿಮ್ಮವನೇ. ಸುಖವಾಗಿರಿ!"

ಮಾರೈಕೆ ಕಣ್ಣರಳಿಸಿದಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. "ನನ್ನ ಗಂಡ ಆ ಮರಳಲ್ಲಿ ಮಗಳ ಜೊತೆ ಏಡಿ ಹಿಡೀತಿದಾನೆ. ನೋಡಿ, ನೀಲಿ ಟೋಪಿ. ಲೋರ್ಕನ್‌ನ ನಾನು ಇಟ್ಕೊಂಡ್ರೆ ಅವನನ್ನ ಏನು ಮಾಡ್ಲಿ?"

ನೆಸ್ಸಾ ನೀಲಿ ಟೋಪಿಯನ್ನು ನೋಡಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟಿದವಳ ಹಾಗೆ ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. "ಮತ್ತೆ ನನ್ನ ಮಟ್ಟು?"

"ನಾನೊಬ್ಬಳೇ ಅಲ್ಲ, ಅರವತ್ತು ಜನ ನುಡಿಸ್ತೀವಿ." ಮಾರೈಕೆ ಫೋನು ತೆರೆದು ಅವಳ ಕೈಗಿಟ್ಟಳು. "ಓದಿ."

ಮೂರು ವರ್ಷದ ಹಿಂದಿನ ಬರಹ. ಬರೆದವನು ಲೋರ್ಕನ್. ಕೆಳಗೆ ಅವಳದೇ ಪಿಟೀಲಿನ ಧ್ವನಿ.

'ಈ ಜಿಗ್‌ಗೆ ಹೆಸರಿಲ್ಲ. ಕಟ್ಟಿದವಳು ಭಾನುವಾರ ನನ್ನ ಪಕ್ಕದಲ್ಲಿ ಕೂರ್ತಾಳೆ. ಅವಳು ಇದನ್ನ ನುಡಿಸಿದ ಮೇಲೆ ನನಗೆ ಬೇರೆ ಯಾವುದೂ ತಲೆಗೆ ಹತ್ತುತ್ತಿಲ್ಲ.'

ಒಸಾಕಾದವನೊಬ್ಬ ಕೇಳಿದ್ದ: 'ನೀನು ಹೇಳ್ತಿರೋದು ಮಟ್ಟಿನ ವಿಷಯನೇನಾ?'

'ಅಲ್ಲ.'

ಆಮೇಲೆ ಪುಟಗಟ್ಟಲೆ. ಅದು ಯಾವ ಶ್ರುತಿ ಎಂದು ಒಬ್ಬನ ಜಗಳ. ನೂರು ವರ್ಷದ ಹಿಂದೆ ತನ್ನಜ್ಜ ನುಡಿಸುತ್ತಿದ್ದ ಮಟ್ಟಿದು ಎಂದು ಇನ್ನೊಬ್ಬನ ಬೊಗಳೆ. ಎರಡನೆಯ ಭಾಗದ ಇಳಿಕೆ ಕ್ಲೇರ್ ಸೀಮೆಯ ಪುರಾತನ ಶೈಲಿಯೆಂದು ಹನ್ನೊಂದು ಪುಟ ಚರ್ಚೆ! ತನ್ನ ಸೊಟ್ಟ ಬೆರಳನ್ನು ಅರವತ್ತು ಜನ ಅಭ್ಯಾಸ ಮಾಡಿದ್ದಾರೆಂದು ಓದಿ ನೆಸ್ಸಾಳಿಗೆ ಅಳುವಿನ ನಡುವೆ ನಗು ಬಂತು.

ಇದು ಬ್ರೈಡಿಯ ಪಬ್ಬೇ ಅಲ್ಲವೇ? ಅದೇ ಜಗಳಗಂಟ, ಅದೇ ಬೊಗಳೆದಾಸ. ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತು ಒಂದು ದಿನ ಅಂಜುತ್ತಾ ಬಾಯಿ ತೆರೆಯುವವರು. ಒಬ್ಬನ ಸಂಕಟಕ್ಕೆ ಎಲ್ಲರೂ ಕಿವಿಯಾಗುವುದೂ ಹಾಗೆಯೇ. ಖುರ್ಚಿಗಳು ಮಾತ್ರ ಇರಲಿಲ್ಲ.

ಪ್ರತಿ ಭಾನುವಾರ ಯಾರಾದರೂ ಒಬ್ಬರು ಕೇಳಿದ್ದರು: 'ಹೇಳಿದ್ಯಾ?'

ಪ್ರತಿ ಭಾನುವಾರ ಒಂದೇ ಉತ್ತರ: 'ಇಲ್ಲ.'

"ನಾನು ಬಂದಿದ್ದೇ ಅವನನ್ನ ತಳ್ಳೋಕೆ," ಎಂದಳು ಮಾರೈಕೆ. "ನಿಮಗೆ ಜಾಗ ಹಿಡಿದಿಡು ಅಂತ ಅವನೇ ಕೂರಿಸಿದ್ದು. ನೀವು ಬಂದ ತಕ್ಷಣ ನಾನು ಎದ್ದು, ಆ ಜಿಗ್ ನುಡಿಸಿ, ಎಲ್ಲರೂ ಹೇಗೆ ಕಲಿತ್ರು ಅಂತ ಹೇಳೋದು ಅಂತಿತ್ತು... ಅಯ್ಯೋ, ಎಲ್ಲ ಕೆಡಿಸ್ದೆ."

ಅಷ್ಟರಲ್ಲಿ ಲೋರ್ಕನ್ ಓಡಿ ಬಂದ. ಮಾರೈಕೆ ಸದ್ದಿಲ್ಲದೆ ಮರಳಿನ ಕಡೆ ಇಳಿದುಹೋದಳು.

"ನೆಸ್ಸಾ... ನಿನ್ನ ಕೇಳದೆ ಹಾಕಿದ್ದು ತಪ್ಪು. ದೊಡ್ಡ ತಪ್ಪು. ಬೈಯಿ."

"ಬೈಯೋದು ಇದ್ದೇ ಇದೆ. ಮೊದಲು ಇದು ಹೇಳು. ಒಸಾಕಾದವನಿಗೆ ಹೇಳ್ದೆ. ಹಾಲೆಂಡಿನವಳಿಗೆ ಹೇಳ್ದೆ. ಎಂಟು ವರ್ಷ ಪಕ್ಕದಲ್ಲಿ ಕೂತೋಳಿಗೆ ಯಾಕೆ ಹೇಳ್ಲಿಲ್ಲ?"

"ನೀನೇ ಅಂದಿದ್ದೆ. ಸೆಷನ್ನಲ್ಲಿ ಪ್ರೀತಿ ಮಾಡೋರು ಮುರ್ಕೊಂಡ್ರೆ ಒಬ್ಬರು ಊರು ಬಿಡ್ಬೇಕು ಅಂತ." ಅವನು ಮೋಟುಗೋಡೆಯ ಮೇಲೆ ಕೈಯೂರಿದ. "ನೀನು ಬೇಡ ಅಂದಿದ್ರೆ ನಾನು ಆಮೇಲೆ ಅಲ್ಲಿ ಹೇಗೆ ಕೂರ್ಲಿ? ಭಾನುವಾರನೂ ಹೋಗ್ಬಿಡ್ತಿತ್ತು. ನನಗಿದ್ದದ್ದು ಅದೊಂದೇ."

ಯಾರದೋ ಜೋಡಿಯನ್ನು ನೋಡಿ ಎಂದೋ ಆಡಿದ ಕೊಂಕು ಮಾತು! ಇವನು ಅದನ್ನು ಎದೆಗೆ ಕಟ್ಟಿಕೊಂಡು ಇಷ್ಟು ವರ್ಷ ಸುಮ್ಮನಿದ್ದ! ನೆಸ್ಸಾಳ ಸಿಟ್ಟೆಲ್ಲ ಕಣ್ಣೀರಾಗಿ ಇಳಿಯಿತು.

"ಇವತ್ತು ನಾನು ಆ ಶ್ರುತಿ ಹಿಡಿದಿದ್ದು ಅವಳಿಗೆ. ನಿನ್ನ ಬಾಯಿ ಮುಚ್ಸೋಕಲ್ಲ ಕಣೋ."

"ಗೊತ್ತು. ನೀನು ಹೊಟ್ಟೆಕಿಚ್ಚು ಪಟ್ಟೆ ಅಂತ ಗೊತ್ತಾದ್ಮೇಲೇ ನನಗೆ ಧೈರ್ಯ ಬಂದಿದ್ದು." ಅವನು ಅವಳ ಎಡಗೈ ಹಿಡಿದುಕೊಂಡ. "ನಿನ್ನ ಪ್ರೀತಿಸ್ತೀನಿ ನೆಸ್ಸಾ."

ಪಬ್ಬಿನ ಕಿಟಕಿಯಿಂದ ಬ್ರೈಡಿಯ ದನಿ ತೂರಿಬಂತು. "ಹೇಳಿದ್ನಾ? ಆ ಫೋರಮ್ಮು ಓದಿ ಓದಿ ನನ್ನ ಕನ್ನಡಕದ ನಂಬರ್ರೇ ಏರ್ತು!"

"ಚಿಕ್ಕಮ್ಮನಿಗೂ ಗೊತ್ತಿತ್ತಾ!" ನೆಸ್ಸಾ ಅವನ ಎದೆಗೊಂದು ಗುದ್ದು ಕೊಟ್ಟಳು. "ಅವರೆಲ್ಲರ ಮೇಲೂ ಹೊಟ್ಟೆ ಉರೀತಿದೆ ನನಗೆ. ಎಲ್ಲರಿಗೂ ನನಗಿಂತ ಮೊದಲು ಹೇಳಿದೀಯ."

"ಅವರಿಗೆ ಹೇಳಿದ್ದು ನಿನ್ನ ಬಗ್ಗೆ. ನಿನಗೆ ಹೇಳಿದ್ದು ಈಗಲೇ, ಮೊದಲನೇ ಸಲ."

"ಸಾಲದು. ಇನ್ನೊಂದ್ಸಲ ಹೇಳು."

ಅವನು ಬಗ್ಗಿ, ಯಾರಿಗೂ ಕೇಳದಷ್ಟು ಮೆಲ್ಲಗೆ, ಅವಳ ಕಿವಿಯಲ್ಲಿ ಹೇಳಿದ.

"ಹ್ಞಾಂ..." ನೆಸ್ಸಾ ಕಣ್ಣು ಮುಚ್ಚಿದಳು. "ಇದನ್ನ ಮಾತ್ರ ಎಲ್ಲೂ ಬರೀಬೇಡ."