ಇಂಡಿಕಾದ ಎಡಸೀಟು

ಹೆಂಡತಿ ಲಲಿತಾ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗಲೇ ತಿಮ್ಮರಾಜು ಕೋಮಲಾಳನ್ನು ಮನೆಗೆ ಕರೆತಂದ.

ಲಲಿತಾಳ ಬೆನ್ನುನೋವಿಗೆಂದು ಅವನ ಇಂಡಿಕಾದ ಎಡಸೀಟಿಗೆ ಸೊಂಟದ ದಿಂಬು ಕೂರಿಸಿಕೊಟ್ಟವನು ನಾನು. "ಇದ್ರಲ್ಲಿ ಇನ್ಯಾವಳೂ ಕೂರಂಗಿಲ್ಲ ಕಣಣ್ಣ," ಎಂದು ಲಲಿತಾ ನಕ್ಕಿದ್ದಳು. ಈಗ, ಅವಳು ತೀರಿಕೊಂಡ ಮೇಲೆ, ಕೋಮಲಾಳ ಅಳತೆಗೆ ಅದನ್ನು ಬದಲಾಯಿಸಲು ತಿಮ್ಮರಾಜು ಕೋಮಲಾಳ ಜೊತೆ ಕಾರನ್ನು ಹೊಸೂರಿನ ನನ್ನ ಸೀಟಿನ ಅಂಗಡಿಗೆ ತಂದ.

ಹೊಸ ಸ್ಪಂಜು ಹಾಕಿ ಊಟ ಮುಗಿಸಿ ಬಂದರೆ, ಹಳೆಯದರಲ್ಲಿದ್ದಂತೆ ಅದರಲ್ಲೂ ಲಲಿತಾಳ ಓರೆ ಸೊಂಟದ ತಗ್ಗು ಬಿದ್ದಿತ್ತು. ನೆರಳಲ್ಲಿದ್ದ ಸೀಟು ಮೈಯಂತೆ ಬೆಚ್ಚಗಿತ್ತು. ನೋವಿನ ಮುಲಾಮು ನಾರುತ್ತಿತ್ತು.

ಕೂತ ಕೋಮಲಾ ತಟ್ಟನೆ ಎದ್ದಳು. "ಹಿಂದ್ಲಿಂದ ಮೊಣಕೈಲಿ ತಿವೀತಾವ್ರೆ."

"ಸ್ಪಂಜು ಕಣೇ ಅದು! ಕೂತ್ಕೋ ಅಂದ್ರೆ ಕೂತ್ಕೋ," ಎಂದು ತಿಮ್ಮರಾಜು ಗದರಿದ.

ಅವಳು ಕಾರಿನ ಬಾಗಿಲನ್ನು, ಒಳಗಿದ್ದವರಿಗೆ ತಾಗದಂತೆ, ಮೆಲ್ಲಗೆ ಮುಚ್ಚಿದಳು. "ಕೂರಲ್ಲ. ನಾನು ಬಸ್ಸಲ್ಲಿ ಬತ್ತೀನಿ. ಅಕ್ಕನ್ನ ನೀವೇ ಕರ್ಕೊಂಡೋಗಿ."